ಪಿಮ್ ನಾಣ್ಯವಲ್ಲ, ಅರವೂ ಅಲ್ಲ: ನಿಮ್ಮ ಕಥೆಯ ಬಗ್ಗೆ

ಪ್ರಿಯ ಲೇಖಕರೇ,

ಬೈಬಲಿನ ರಾಜ ಸೌಲನ ಕಾಲದ ಇಸ್ರಾಯೇಲ್ಯ ರೈತನೊಬ್ಬ ಕುಳ ಹಣಿಸಲು ನೆರೆಯ ಶತ್ರುಗಳಾದ ಫಿಲಿಷ್ಟಿಯರ ಕುಲುಮೆಗೆ ಇಳಿದು ಹೋಗುವ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಆದರೆ ವಸ್ತು ಗಟ್ಟಿಯಾಗಿದೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಇಡೀ ಕಥೆ ನಿಂತಿರುವುದು 'ಪಿಮ್' ಎಂಬ ಒಂದು ಪದದ ಮೇಲೆ, ಅದು ಬೆಳ್ಳಿ ತೂಗುವ ಹಳೆಯ ತೂಕದ ಹೆಸರು. ಆ ಪದವೇ ಕಥೆಯಲ್ಲಿ ನೆಟ್ಟಗಿಲ್ಲ.

ಎರಡನೇ ಪುಟದಲ್ಲಿ ರೈತ ಅರದಿಂದ ಗುದ್ದಲಿ ಉಜ್ಜುತ್ತಾನೆ. ಐದನೇ ಪುಟದಲ್ಲಿ ಕಮ್ಮಾರನ ಮುಂದೆ 'ಪಿಮ್ ನಾಣ್ಯವನ್ನು ಖಣ್ಣೆಂದು' ಎಸೆಯುತ್ತಾನೆ. ಎರಡೂ ಹುಟ್ಟಿರುವುದು ಒಂದೇ ವಾಕ್ಯದಿಂದ, ಬೈಬಲಿನ 1 ಸಮುವೇಲ 13:21ರಿಂದ. ಹಳೆಯ ಅನುವಾದವೊಂದನ್ನೂ ಹೊಸದೊಂದನ್ನೂ ಪಕ್ಕದಲ್ಲಿಟ್ಟುಕೊಂಡು ಎರಡರಿಂದಲೂ ಎತ್ತಿಕೊಂಡಿದ್ದೀರಿ.

ಹೀಬ್ರೂ ಬೈಬಲಿನಲ್ಲಿ ಪಿಮ್ ಬರುವುದು ಅದೊಂದೇ ಕಡೆ. ಅದರ ಜೊತೆಗಿರುವ 'ಪೆತ್ಸೀರಾ' ಕೂಡ ಬೇರೆಲ್ಲೂ ಸಿಗದ ಪದ. ಹಾಗಾಗಿ ಹಿಂದಿನವರು ಊಹಿಸಬೇಕಾಯಿತು. ಗ್ರೀಕ್ ಅನುವಾದಕರು ಪೆತ್ಸೀರಾವನ್ನು ದ್ರಾಕ್ಷಿ ಕೊಯ್ಲಿನ ಪದವೆಂದು ಓದಿ, ಸುಗ್ಗಿ ಸಿದ್ಧವಾಗಿತ್ತು ಎಂದು ಬರೆದರು. ಹೀಬ್ರೂವಿನಲ್ಲಿ 'ಪೆ' ಎಂದರೆ ಬಾಯಿ, ಕತ್ತಿಯ ಅಲಗಿಗೂ ಅದೇ ಮಾತು. ಪಿಮ್ ಎಂದರೆ ಬಾಯಿಗಳು, ಅಂದರೆ ಹಲವು ಅಲಗುಗಳುಳ್ಳ ಅರ ಎಂದು ಬಗೆದವರೂ ಇದ್ದರು. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದದಲ್ಲಿ ಇರುವುದು ಅರವೇ. ನಿಮ್ಮ ಎರಡನೇ ಪುಟಕ್ಕೆ ಅರ ಬಂದಿರುವುದು ಈ ದಾರಿಯಲ್ಲಿ.

ಊಹೆ ತಪ್ಪೆಂದು ತೋರಿಸಿದ್ದು ನೆಲದಿಂದ ಎದ್ದ ಕಲ್ಲುಗಳು. 20ನೇ ಶತಮಾನದ ಮೊದಲ ದಶಕಗಳಿಂದ ಗೆಜೆರ್, ಲಾಕೀಷ್, ಯೆರೂಸಲೇಮ್ ಮೊದಲಾದ ಕಡೆ ಸಿಕ್ಕ ತೂಕದ ಕಲ್ಲುಗಳಲ್ಲಿ ಕೆಲವುಗಳ ಮೇಲೆ ಹಳೆಯ ಹೀಬ್ರೂ ಲಿಪಿಯಲ್ಲಿ ಪೆ, ಯೋದ್, ಮೇಮ್ ಎಂಬ ಮೂರೇ ಅಕ್ಷರ ಕೊರೆದಿದೆ: ಪಿಮ್. ಅವು ಹೆಚ್ಚಾಗಿ ಸುಣ್ಣಕಲ್ಲಿನವು. ತಳ ಚಪ್ಪಟೆ, ಮೇಲ್ಭಾಗ ಗುಮ್ಮಟದಂತೆ ದುಂಡಗೆ, ಗಾತ್ರ ಬೆರಳ ತುದಿಯಷ್ಟು. ತೂಗಿದರೆ ಸುಮಾರು 7.8 ಗ್ರಾಂ. ಅಲ್ಲಿನ ಮುಖ್ಯ ತೂಕವಾದ ಶೇಕೆಲಿನ ಕಲ್ಲು ಸುಮಾರು 11.3 ಗ್ರಾಂ, ಅಂದರೆ ನಮ್ಮ ತೊಲಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಪಿಮ್ ಎಂದರೆ ಶೇಕೆಲಿನ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. 'ಬೆಕಾ' ಇದಕ್ಕಿಂತ ಚಿಕ್ಕದು, ಅರ್ಧ ಶೇಕೆಲ್. ನೀವು ಎರಡನ್ನೂ ಒಂದೇ ಮಾಡಿದ್ದೀರಿ.

ಹಾಗಾಗಿ ವಾಕ್ಯದ ಅರ್ಥ ಇಷ್ಟು: ಕುಳಕ್ಕೂ ಗುದ್ದಲಿಗೂ ಹದ ಹಿಡಿಸುವ ಕೂಲಿ (ಪೆತ್ಸೀರಾವನ್ನು ಈಗ ಹೀಗೆ ಓದುತ್ತಾರೆ) ಒಂದು ಪಿಮ್ ಬೆಳ್ಳಿ. ಕೊಡಲಿ, ಮುಳ್ಳುಗೋಲುಗಳಿಗೆ ಶೇಕೆಲಿನ ಮೂರನೇ ಒಂದು ಎಂದು ಈಗಿನ ಹಲವು ಅನುವಾದಗಳು ಹೇಳುತ್ತವೆ. ಅಲ್ಲಿ ಮೂಲಪಾಠ ಕೆಟ್ಟಿದೆ, ಅದರ ಮೇಲೆ ದೃಶ್ಯ ಕಟ್ಟಬೇಡಿ.

ಈಗ ಐದನೇ ಪುಟಕ್ಕೆ ಬರೋಣ. ನಾಣ್ಯ ತೆಗೆಯಿರಿ. ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾ ರಾಜ್ಯದಲ್ಲಿ ನಾಣ್ಯ ಕಾಣಿಸಿಕೊಂಡದ್ದೇ ಸುಮಾರು ಕ್ರಿ.ಪೂ. 7ನೇ ಶತಮಾನದಲ್ಲಿ, ಸೌಲನ ಕಾಲ ಕಳೆದು ಮೂರು ಶತಮಾನವಾದ ಮೇಲೆ. ನಿಮ್ಮ ರೈತ ತಂದಿರುವುದು ಬೆಳ್ಳಿಯ ಚೂರುಗಳು: ಮುರಿದ ಬಳೆ, ತಂತಿಯ ತುಂಡು. ತಕ್ಕಡಿಯ ಒಂದು ತಟ್ಟೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಬೆಳ್ಳಿ. ಕಡಿಮೆಯಾದರೆ ಇನ್ನೊಂದು ಚೂರು, ಹೆಚ್ಚಾದರೆ ಉಳಿಯಿಟ್ಟು ಕತ್ತರಿಸುವುದು. 'ಶೇಕೆಲ್' ಎಂಬ ಪದ ಹುಟ್ಟಿರುವುದೇ ತೂಗು ಎಂಬ ಧಾತುವಿನಿಂದ. 'ಚೀಲದ ಭಾರಕ್ಕೆ ಹೆಗಲು ಬಾಗಿತು' ಎಂಬ ಸಾಲೂ ಹೋಗಬೇಕು, ಎಂಟು ಗ್ರಾಂ ಬೆಳ್ಳಿ ಹಿಡಿಯಲು ಎರಡು ಬೆರಳು ಸಾಕು.

ಕಮ್ಮಾರ ಕಲ್ಲಿನ ಮೇಲಿನ ಅಕ್ಷರ ತೋರಿಸುವುದೂ ಬೇಡ. ಅಕ್ಷರವಿರುವ ಕಲ್ಲುಗಳು ಕ್ರಿ.ಪೂ. 8–7ನೇ ಶತಮಾನದ ಯೆಹೂದ ರಾಜ್ಯದವು. ಫಿಲಿಷ್ಟಿಯನ ಕೈಗೆ ಬರಹವಿಲ್ಲದ ಕಲ್ಲು ಕೊಡಿ. ಅದರಿಂದ ಕಥೆಗೆ ಲಾಭವೇ. ಗುರುತಿಲ್ಲದ ಕಲ್ಲು ಸರಿಯೋ ಕಳ್ಳತೂಕವೋ ಎಂದು ರೈತನಿಗೆ ತಿಳಿಯುವ ಬಗೆಯಿಲ್ಲ. ಧರ್ಮೋಪದೇಶಕಾಂಡ 25:13 ಚೀಲದಲ್ಲಿ ಹೆಚ್ಚು ಕಡಿಮೆಯಾದ ಎರಡು ಬಗೆಯ ಕಲ್ಲು ಇರಕೂಡದೆಂದು ಎಚ್ಚರಿಸುವುದು ಇದೇ ಮೋಸದ ವಿರುದ್ಧ. ಮೂಲದಲ್ಲಿ ಅಲ್ಲಿರುವುದು 'ಕಲ್ಲು ಮತ್ತು ಕಲ್ಲು' ಎಂಬ ಮಾತು. ನಾವೂ ತೂಕದ ಕಲ್ಲು ಎನ್ನುತ್ತೇವಲ್ಲ, ಕನ್ನಡದಲ್ಲಿ ಅದು ಹಾಗೆಯೇ ನಿಲ್ಲುತ್ತದೆ.

ನೀವು ಬಿಟ್ಟಿರುವ ದೊಡ್ಡ ವಿಷಯ ಬೆಲೆ. 'ದುಬಾರಿ ಕೂಲಿ' ಎಂದು ನಾಲ್ಕು ಸಲ ಬರೆದಿದ್ದೀರಿ, ಒಮ್ಮೆಯೂ ತಟ್ಟಲಿಲ್ಲ. ಯೆರೆಮೀಯ 32:9ರಲ್ಲಿ ಅನಾತೋತಿನ ಹೊಲವೊಂದರ ಕ್ರಯ 17 ಶೇಕೆಲ್ ಬೆಳ್ಳಿ. ಮೂರು ಸಲ ಹಣಿಸಿದರೆ ಎರಡು ಶೇಕೆಲ್, ಇಪ್ಪತ್ತೈದು ಸಲಕ್ಕೆ ಆ ಹೊಲದ ಬೆಲೆಯೇ ಕರಗಿತು. ಕಾಲ ಬೇರೆ, ಹೊಲದ ಅಳತೆ ಗೊತ್ತಿಲ್ಲ, ಆದ್ದರಿಂದ ಈ ಲೆಕ್ಕವನ್ನು ಕಥೆಯೊಳಗೆ ಹಾಕಬೇಡಿ. ಬರೆಯುವಾಗ ನಿಮ್ಮ ತಲೆಯಲ್ಲಿರಲಿ. 1 ಸಮುವೇಲ 13ರ ಹತ್ತೊಂಬತ್ತನೇ ವಚನ ಹೇಳುವಂತೆ ಇಸ್ರಾಯೇಲಿನಲ್ಲಿ ಕಮ್ಮಾರನೇ ಇರಲಿಲ್ಲ. ಇವರು ಕತ್ತಿ, ಈಟಿ ಮಾಡಿಕೊಂಡಾರೆಂಬ ಭಯ ಫಿಲಿಷ್ಟಿಯರಿಗೆ. ಹಾಗಾಗಿ ಕೇಳಿದಷ್ಟು ತೆರದೆ ರೈತನಿಗೆ ಬೇರೆ ದಾರಿಯಿರಲಿಲ್ಲ.

ಪಿಂ, ಪೀಮು, ಪಿಮ್ ಎಂದು ಮೂರು ಬಗೆ ಬರೆದಿದ್ದೀರಿ. ಪಿಮ್ ಒಂದನ್ನೇ ಉಳಿಸಿ. ಅರ್ಥವನ್ನು ಅಡಿಟಿಪ್ಪಣಿಗೆ ತಳ್ಳದೆ, ಮೊದಲ ಸಲ ಬಂದಾಗಲೇ ತಕ್ಕಡಿಯ ಮೇಲೆ ತೋರಿಸಿ. ತಿದ್ದಿದ ಪ್ರತಿ ಬಂದಾಗ ನಾನು ಮೊದಲು ತೆರೆಯುವುದು ಐದನೇ ಪುಟವನ್ನೇ.

ಸಂಪಾದಕ