ಕಿಡ್ನಿ ತೊಂದರೆ ಇರುವ ತಂದೆಗೆ ನಾಲ್ಕು ದಿನದಿಂದ ಮೋಷನ್ ಆಗಿಲ್ಲ. ಯಾವ ಮನೆಮದ್ದು ಕೊಡಬಹುದು?

ತಂದೆಗೆ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಸೋತಿದೆ ಅಂತ ತೋರಿಸುವ ರಕ್ತದ ಟೆಸ್ಟ್, ಏರಿದಷ್ಟೂ ಕೆಟ್ಟದ್ದು) 3.8, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ, ಮತ್ತೆ ಇಂಗ್ಲಿಷ್ ಔಷಧಿ ಬೇಡ, ಮನೆಮದ್ದು ಹೇಳಿ ಅಂತ ಬರೆದಿದ್ದೀರಿ. ಓದುತ್ತಿದ್ದಂತೆ 2019ರ ನನ್ನ ಎರಡು ವಾರ ಕಣ್ಣ ಮುಂದೆ ಬಂತು. ಆಗ ನನ್ನದು 3.1 ಇತ್ತು.

ನಾನು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್ ಆಗಿದ್ದೆ. ಬಹಳ ವರ್ಷದ ಬಿಪಿಯಿಂದ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಏರಿ 5.6 ಬಂದಾಗ ಊಟವೇ ಬದಲಾಯಿತು. ರಾಗಿ ಮುದ್ದೆ ನಿಂತಿತು. ಸೊಪ್ಪು, ಕಾಳು, ಬಾಳೆಹಣ್ಣು, ಎಳನೀರು ಎಲ್ಲಕ್ಕೂ ತಡೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಮತ್ತೆ ಬಿಳಿ ಅನ್ನ. ಕಾಲು ಊದಿದ್ದರಿಂದ ನೀರು ದಿನಕ್ಕೆ ಒಂದೂಕಾಲು ಲೀಟರ್ ಮಾತ್ರ. ಇದರ ಮೇಲೆ ಕಬ್ಬಿಣದ ಮಾತ್ರೆ, ಫಾಸ್ಫರಸ್ ತಡೆಯುವ ಮಾತ್ರೆ, ಪೊಟ್ಯಾಸಿಯಂ ಇಳಿಸುವ ಪುಡಿ. ಈ ಮೂರೂ ಹೊಟ್ಟೆ ಕಟ್ಟಿಸುವಂಥವೇ. ಹುಟ್ಟಿದಾಗಿನಿಂದ ಮುದ್ದೆ ಕಂಡ ಹೊಟ್ಟೆ ಅದು. ಮೂರು ವಾರದಲ್ಲಿ ಕಲ್ಲಾಗಿ ಹೋಯಿತು.

ಮೋಷನ್ ಆಗದ ಐದನೇ ದಿನ ಶಾಲೆ ಬಿಟ್ಟ ಮೇಲೆ ಮೆಡಿಕಲ್ ಶಾಪ್‌ಗೆ ಹೋದೆ. ಅಂಗಡಿಯಲ್ಲಿ ನನ್ನದೇ ಹಳೇ ವಿದ್ಯಾರ್ಥಿಯ ಅಪ್ಪ ನಿಂತಿದ್ದರು. ಅವರು ಹೋಗುವವರೆಗೆ ಸುಮ್ನೆ ಕ್ಯಾಲೆಂಡರ್ ನೋಡುತ್ತಾ ನಿಂತೆ. ಆಮೇಲೆ ಮೆಲ್ಲಗೆ, 'ಮೋಷನ್‌ಗೆ ಏನಾದರೂ ಕೊಡಿ' ಅಂದೆ. ಅಷ್ಟೇ ಅಂದದ್ದು. ಬಿಳಿ ಸಿರಪ್ ಕೊಟ್ಟರು, ಮಿಲ್ಕ್ ಆಫ್ ಮೆಗ್ನೀಷಿಯಾ. ನಮ್ಮ ಅಮ್ಮ ಕುಡಿಯುತ್ತಿದ್ದದ್ದು, ಪಕ್ಕದ ಮನೆ ಬಸುರಿಗೂ ಬರೆದುಕೊಟ್ಟಿದ್ದದ್ದು. ಅದರಲ್ಲಿ ಭಯ ಪಡುವಂಥದ್ದು ಏನಿದೆ ಅಂದುಕೊಂಡೆ. ರಾತ್ರಿ ಎರಡು ಮುಚ್ಚಳ ಕುಡಿದೆ. ಬೆಳಿಗ್ಗೆ ಹೊಟ್ಟೆ ಸಡಿಲವಾಯಿತು, ಜೀವ ಬಂದ ಹಾಗಾಯಿತು. ದಿನಾ ಕುಡಿಯತೊಡಗಿದೆ. ಎದೆ ಉರಿ ಬಂದಾಗ ಮನೆಯಲ್ಲಿದ್ದ ಅಸಿಡಿಟಿ ಸಿರಪ್ ಕೂಡ ಎರಡು ಚಮಚ ಕುಡಿದೆ. ಅದರಲ್ಲೂ ಮೆಗ್ನೀಷಿಯಂ ಇತ್ತು ಅಂತ ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಸಿರಪ್ ಶುರು ಮಾಡಿದ ಹನ್ನೆರಡನೇ ದಿನ ಬೋರ್ಡಿನ ಮೇಲೆ ಮಗ್ಗಿ ಬರೆಯುತ್ತಿದ್ದೆ. ಏಳೊಂದ್ಲ ಏಳು. ಸಾಲು ಕೆಳಕ್ಕೆ ಜಾರುತ್ತಾ ಹೋಯಿತು. ಮಕ್ಕಳು 'ಮಿಸ್, ಸೊಟ್ಟ' ಅಂದರು. ಚಾಕ್‌ಪೀಸ್ ಹಿಡಿಯಲು ಬೆರಳಿಗೆ ಬಲವಿರಲಿಲ್ಲ. ಎರಡು ದಿನದಿಂದ ಮೈಯೆಲ್ಲಾ ಭಾರ, ಕೂತಲ್ಲೇ ತೂಕಡಿಕೆ. ರಕ್ತ ಕಡಿಮೆ ಇರಬೇಕು ಅಂದುಕೊಂಡಿದ್ದೆ. ಸಂಜೆ ಮಂಚದಿಂದ ಏಳಲಾಗಲಿಲ್ಲ. ತುಮಕೂರಿಗೆ ಕರೆದುಕೊಂಡು ಹೋದಾಗ ಬಿಪಿ 80, ನಾಡಿ 46. ಡಾಕ್ಟರು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲೇ ಇಲ್ಲ. ಮತ್ತೆ ತಟ್ಟಿ, 'ಏನು ಔಷಧಿ ತಗೋತಿದ್ದೀರಮ್ಮ, ಎಲ್ಲಾ ಹೇಳಿ' ಅಂದರು. ಬಿಪಿ ಮಾತ್ರೆಯಿಂದ ಹಿಡಿದು ಎಲ್ಲ ಹೇಳಿದೆ. ಸಿರಪ್ ಹೇಳಲಿಲ್ಲ! ಅದನ್ನು ನಾನು ಔಷಧಿ ಅಂತಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೇಳಿದ್ದು ನನ್ನ ಯಜಮಾನರು, ಅದೂ ಅರ್ಧ ಗಂಟೆ ಆದ ಮೇಲೆ.

2.4ರ ಒಳಗಿರಬೇಕಾದ ಮೆಗ್ನೀಷಿಯಂ ನನ್ನ ರಕ್ತದಲ್ಲಿ 8.4 ಇತ್ತು. ಇನ್ನೂ ಏರಿದ್ದರೆ ಉಸಿರಾಡುವ ಸ್ನಾಯುಗಳೇ ಸೋಲುತ್ತಿದ್ದವು. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಕುತ್ತಿಗೆಗೆ ನಳಿಕೆ ಹಾಕಿ ಎರಡು ಸಲ ಡಯಾಲಿಸಿಸ್ ಮಾಡಿದರು. ಬಿಪಿ ಬಿದ್ದದ್ದರಿಂದ ಕಿಡ್ನಿಗೆ ಇನ್ನೊಂದು ಏಟು ಬಿತ್ತು. ಕ್ರಿಯಾಟಿನಿನ್ 5.2ಕ್ಕೆ ಹೋಗಿ, ಕೊನೆಗೆ 3.9ಕ್ಕೆ ನಿಂತಿತು. ಹಳೇ 3.1 ಮತ್ತೆ ಬರಲೇ ಇಲ್ಲ. ಆ ಭಾನುವಾರ ಮಗಳ ಸೀಮಂತ ಇತ್ತು. ಅವಳಿಗೆ ನಾನು ತೆಗೆದಿಟ್ಟಿದ್ದ ಹಸಿರು ಬಳೆಗಳನ್ನು ನನ್ನ ತಂಗಿ ತೊಡಿಸಿದಳು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ. ಹೊಟ್ಟೆಗೆ ಹಾಕಿದ್ದು ಹೊಟ್ಟೆಯಲ್ಲೇ ಇರುತ್ತದೆ, ಮಾರನೇ ದಿನ ಹೊರಗೆ ಹೋಗುತ್ತದೆ ಅಂತ ನಾನು ನಂಬಿದ್ದೆ. ಹಾಗಲ್ಲ. ಮೆಗ್ನೀಷಿಯಂ ಕರುಳಿಗೆ ನೀರು ಎಳೆದು ಮಲ ಸಡಿಲ ಮಾಡುತ್ತದೆ ನಿಜ. ಆದರೆ ಅದರಲ್ಲಿ ಒಂದು ಪಾಲು ರಕ್ತಕ್ಕೆ ಸೇರುತ್ತದೆ. ಕಿಡ್ನಿ ಚೆನ್ನಾಗಿದ್ದವರಿಗೆ ಅದು ಮೂತ್ರದಲ್ಲಿ ಹೋಗಿಬಿಡುತ್ತದೆ. ನನಗೆ ಹೋಗಲಿಲ್ಲ. ಮೊದಲ ದಿನದ್ದು ಪೂರ್ತಿ ಹೋಗುವ ಮೊದಲೇ ಎರಡನೇ ದಿನದ್ದು ಸೇರಿತು, ಹೀಗೆ ಹನ್ನೆರಡು ದಿನ. ಕಿಡ್ನಿ ಡಾಕ್ಟರು ಪ್ರತಿ ಸಲ ಮಾಡಿಸುವ ಟೆಸ್ಟಿನಲ್ಲಿ ಯೂರಿಯಾ, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಇರುತ್ತವೆ. ಮೆಗ್ನೀಷಿಯಂ ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಬಾಯಿಬಿಟ್ಟು ಹೇಳದೇ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಅಂಗಡಿಯಲ್ಲಿ 'ನನಗೆ ಕಿಡ್ನಿ ತೊಂದರೆ ಇದೆ' ಅನ್ನಲಿಲ್ಲ, ಕಿಡ್ನಿ ಡಾಕ್ಟರ ಹತ್ತಿರ 'ಮೋಷನ್ ಆಗ್ತಿಲ್ಲ' ಅನ್ನಲಿಲ್ಲ. ಎರಡು ಕಡೆಯೂ ಅರ್ಧರ್ಧ ಹೇಳಿದೆ. ಅಷ್ಟು ದೊಡ್ಡ ಡಾಕ್ಟರ ಮುಂದೆ ಕಕ್ಕಸಿನ ವಿಷಯ ಏನು ಎತ್ತೋದು ಅನ್ನುವ ನಾಚಿಕೆ. ಆ ನಾಚಿಕೆಗೆ ನಾನು ಕೊಟ್ಟ ಬೆಲೆ ಮೇಲೆ ಬರೆದಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಮನೆಮದ್ದು ಸೇಫ್, ಇಂಗ್ಲಿಷ್ ಔಷಧಿ ಅಪಾಯ ಅನ್ನುವ ಲೆಕ್ಕವನ್ನೇ ದಯವಿಟ್ಟು ಬಿಡಿ. ನಿಮ್ಮ ತಂದೆಯ ವಿಷಯದಲ್ಲಿ ಅದು ಎಷ್ಟೋ ಸಲ ತಿರುಗುಮುರುಗು. ನಮ್ಮೂರಿನವರು ಹೇಳುವ ಮನೆಮದ್ದುಗಳನ್ನೇ ನೋಡಿ. ಎಳನೀರು, ಬಾಳೆಹಣ್ಣು, ನೆನೆಸಿದ ಒಣದ್ರಾಕ್ಷಿ, ಅಂಜೂರ. ಎಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ. ಒಂದು ದೊಡ್ಡ ಲೋಟ ಎಳನೀರಿನಲ್ಲೇ ಐನೂರು, ಆರುನೂರು ಮಿಲಿಗ್ರಾಂ ಇರುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಕೆಡುತ್ತದೆ. ಇಸಬಗೋಲಿಗೆ ತುಂಬಾ ನೀರು ಬೇಕು. ನೀರಿಗೆ ಮಿತಿ ಇರುವವರು ಅರ್ಧ ಲೋಟದಲ್ಲಿ ನುಂಗಿದರೆ ಅದೇ ಒಳಗೆ ಗಂಟಾಗಿ ಕೂರಬಹುದು. ಹೊಟ್ಟೆ ಸಾಫಿನ ಚೂರ್ಣಗಳಲ್ಲಿ ಸೋನಾಮುಖಿ ಜೊತೆ ಉಪ್ಪೂ ಇರುವುದುಂಟು, ಬಿಪಿ ಇರುವವರಿಗೆ ಅದು ಬೇಡ. ಇನ್ನು ಧಾರೆಹುಳಿ. ಕತ್ತರಿಸಿದರೆ ನಕ್ಷತ್ರದ ಹಾಗೆ ಕಾಣುವ ಹಣ್ಣು, ಕೆಲವು ಕಡೆ ಕಮರಾಕ್ಷಿ ಅನ್ನುತ್ತಾರೆ. ಅದನ್ನು ಮನೆಯೊಳಗೇ ತರಬೇಡಿ. ಕಿಡ್ನಿ ರೋಗಿಗಳಿಗೆ ಅದು ವಿಷ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಸತ್ತವರೂ ಇದ್ದಾರೆ.

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಬರೆದುಕೊಟ್ಟದ್ದು ಲ್ಯಾಕ್ಟುಲೋಸ್ ಸಿರಪ್, ರಾತ್ರಿ 15 ಮಿ.ಲೀ. ಅದೊಂದು ಸಕ್ಕರೆ, ಆದರೆ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಿಡ್ನಿಗೆ ಹೊರೆ ಇಲ್ಲ. ತುಂಬಾ ಸಿಹಿ, ಮೊದಮೊದಲು ಗ್ಯಾಸ್ ಆಗುತ್ತದೆ. ಕೆಲಸ ಮಾಡಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ಗಾಬರಿಯಾಗಿ ಬೇರೆ ಏನೋ ಕುಡಿಸಬೇಡಿ. ತೀರಾ ಕಟ್ಟಿಕೊಂಡಾಗ ಮಾತ್ರ ಕರುಳನ್ನು ಚುರುಕು ಮಾಡುವ ಬಿಸಾಕೊಡಿಲ್ ಮಾತ್ರೆ, ಅದೂ ಡಾಕ್ಟರನ್ನು ಕೇಳಿ. ನಿಮ್ಮ ತಂದೆಗೆ ಎಷ್ಟು ಅಂತ ಅವರ ಡಾಕ್ಟರೇ ಹೇಳಬೇಕು. ಯಾವುದೇ ಆದರೂ ಜಾಸ್ತಿಯಾಗಿ ಭೇದಿ ಶುರುವಾದರೆ ನೀರು ಕಳೆದುಕೊಂಡು ಕ್ರಿಯಾಟಿನಿನ್ ಏರುತ್ತದೆ.

ಎನಿಮಾ ಕೊಡಿಸೋಣ ಅಂತ ಯಾರಾದರೂ ಹೇಳಿದರೆ ಅದರಲ್ಲಿ ಫಾಸ್ಫೇಟ್ ಇದೆಯಾ ಅಂತ ಕೇಳಿ. ರೆಡಿಮೇಡ್ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಫಾಸ್ಫೇಟ್ ಇರುತ್ತದೆ, ನಮ್ಮಂಥವರಿಗೆ ಅದು ಮೆಗ್ನೀಷಿಯಂನಷ್ಟೇ ಕೆಟ್ಟದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಆದರೆ ಸಿರಪ್ಪಿಗಿಂತ ಮುಂಚೆ ಕೇಳಬೇಕಾದದ್ದು ಇನ್ನೊಂದಿದೆ, ಅದನ್ನು ನೀವು ಕೇಳಿಲ್ಲ. ಹೊಟ್ಟೆ ಯಾಕೆ ಕಟ್ಟಿತು? ನನ್ನ ಡಾಕ್ಟರು ಕಬ್ಬಿಣದ ಮಾತ್ರೆ ನಿಲ್ಲಿಸಿ ಇಂಜೆಕ್ಷನ್‌ಗೆ ಬದಲಿಸಿದರು, ಅರ್ಧ ತೊಂದರೆ ಅಲ್ಲಿಗೇ ಹೋಯಿತು. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಕೇಳಿ ಬದಲಿಸಿ. ಊಟದ ವಿಷಯದಲ್ಲಿ ಡಯಟೀಷಿಯನ್ ಹೇಳಿದ ಒಂದು ಮಾತು ಮರೆಯುವುದಿಲ್ಲ. 'ಬಸ್ಸಾರು ಮನೆಯವರಿಗೆ, ಪಲ್ಯ ನಿಮಗೆ' ಅಂದರು. ಹುರುಳಿಕಾಯಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂನ ಒಂದು ಪಾಲು ಆ ಕಟ್ಟಿನಲ್ಲಿ ಹೋಗುತ್ತದೆ. ನಾರು ಪಲ್ಯದಲ್ಲಿ ಉಳಿಯುತ್ತದೆ. ಈಗ ದಿನಾ ಹಾಗೆ ಬಸಿದ ಪಲ್ಯ, ಹೀರೆಕಾಯಿ, ಸೋರೆಕಾಯಿ, ಒಂದು ಸೇಬು ಇಲ್ಲವೇ ಪೇರ್ ಹಣ್ಣು ತಿನ್ನುತ್ತೇನೆ. ಪೊಟ್ಯಾಸಿಯಂ 4.7ಕ್ಕೆ ಬಂದ ಮೇಲೆ ವಾರಕ್ಕೆ ಎರಡು ಸಲ ನಿಂಬೆಹಣ್ಣಿನ ಗಾತ್ರದ ಮುದ್ದೆಗೂ ಒಪ್ಪಿದ್ದಾರೆ. ಬೆಳಿಗ್ಗೆ ಕಾಫಿ ಕುಡಿದ ಅರ್ಧ ಗಂಟೆಗೆ, ಬರಲಿ ಬಿಡಲಿ, ಹೋಗಿ ಕೂರುತ್ತೇನೆ. ಕಮೋಡ್ ಮುಂದೆ ಕಾಲಿಡಲು ಒಂದು ಮಣೆ ಇದೆ.

ಹಾಗಂತ 'ವಯಸ್ಸಾಯಿತು, ಎರಡು ದಿನಕ್ಕೊಮ್ಮೆ ಆದರೂ ಸಾಕು' ಅಂತ ಸುಮ್ಮನಿರಲೂ ಬೇಡಿ. ಕಿಡ್ನಿ ಸೋತಾಗ ಪೊಟ್ಯಾಸಿಯಂ ಹೊರಹಾಕುವ ಕೆಲಸದಲ್ಲಿ ಕರುಳಿನ ಪಾಲು ಜಾಸ್ತಿಯಾಗುತ್ತದೆ. ಅದು ಕಟ್ಟಿದರೆ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ.

ಹೊಟ್ಟೆ ಉಬ್ಬಿ ಗಾಳಿ ಕೂಡ ಹೋಗುತ್ತಿಲ್ಲ, ವಾಂತಿ ಇದೆ, ತುಂಬಾ ನೋವಿದೆ, ಮಲದಲ್ಲಿ ರಕ್ತ ಇದೆ, ಇಲ್ಲವೇ ಈಗಾಗಲೇ ಯಾವುದೋ ಸಿರಪ್ ಕುಡಿದು ತೂಕಡಿಸುತ್ತಿದ್ದಾರೆ, ಕೈಕಾಲಿಗೆ ಬಲವಿಲ್ಲ ಅಂದರೆ ಈ ಉತ್ತರ ಓದುತ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಇದ್ಯಾವುದೂ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ. ಅದಕ್ಕೆ ಮೊದಲು ತಂದೆಯ ಮಾತ್ರೆ, ಪುಡಿ, ಸಿರಪ್, ಚೂರ್ಣ ಎಲ್ಲಾ ಒಂದು ಮೊರದ ಮೇಲೆ ಹಾಕಿ ಫೋಟೋ ತೆಗೆಯಿರಿ, ಅಸಿಡಿಟಿ ಬಾಟಲಿಯನ್ನೂ ಸೇರಿಸಿ. ಆಮೇಲೆ ತಂದೆಯವರನ್ನು ಪಕ್ಕಕ್ಕೆ ಕರೆದು, ಬೇರೆ ಯಾರೂ ಇಲ್ಲದಾಗ, ಅಂಗಡಿಯಿಂದ ಏನಾದರೂ ತಂದು ಕುಡಿದಿರಾ ಅಂತ ಕೇಳಿ. ನನ್ನ ಮಗ ಕೇಳಿದ್ದರೆ ನಾನು ಹೇಳುತ್ತಿದ್ದೆ.