ಯಾವ ಪಿಕ್ಚರ್ ಹಾಡು ಅಂತ ಕೇಳಬೇಡಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದ ಹಾಡುಗಾರ್ತಿ ಗ್ರೇಸ್ ವ್ಯಾಂಡರ್‌ವಾಲ್ ಬಗ್ಗೆ ನಿಮ್ಮ ಲೇಖನ ಓದಿದೆ. ಹನ್ನೆರಡು ವರ್ಷದ ಮಗುವನ್ನು ಟಿವಿ ವೇದಿಕೆ ಹತ್ತಿಸಿದ್ದನ್ನು ಅಷ್ಟೊಂದು ಹೊಗಳಬೇಕಿತ್ತಾ? ನನ್ನ ಮಗಳೂ ಹಾಡು ಕಟ್ಟುತ್ತಾಳೆ. ಮೊದಲು ನಾಲ್ಕು ಒಳ್ಳೆ ಹಾಡು ಕಲಿ, ಸ್ವಂತದ್ದು ಆಮೇಲೆ ಅಂದಿದ್ದೇನೆ. ತಪ್ಪಾ?"

ತಾಯಿ, ನಿಮ್ಮ ಭಯ ಸುಳ್ಳಲ್ಲ. ಗ್ರೇಸ್ ಕೂಡ 2025ರಲ್ಲಿ 'ಚೈಲ್ಡ್‌ಸ್ಟಾರ್' ಅಂತಲೇ ಹೆಸರಿಟ್ಟು ಒಂದು ಆಲ್ಬಂ ತಂದಳು. ಎಳೆ ವಯಸ್ಸಿನ ಹೆಸರು ಎಷ್ಟು ಭಾರ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಆ ಭಾರವನ್ನು ಹೇಳಿಕೊಳ್ಳೋಕೂ ಅವಳ ಕೈಯಲ್ಲಿ ಅವಳದೇ ಹಾಡಿತ್ತು, ಅಲ್ವಾ?

ಗ್ರೇಸ್‌ಗೆ ಯುಕುಲೇಲೆ ಬೇಕಾಗಿತ್ತು. ನಾಲ್ಕು ತಂತಿಯ, ಪುಟ್ಟ ಗಿಟಾರ್‌ನಂಥ ವಾದ್ಯ ಅದು. ನಿನಗೆ ಕಲಿಯೋಕೆ ಆಗಲ್ಲ ಅಂತ ಅಮ್ಮ ಮೊದಲು ಬೇಡ ಅಂದರಂತೆ. ಹುಟ್ಟುಹಬ್ಬಕ್ಕೆ ಸಿಕ್ಕ ದುಡ್ಡಲ್ಲಿ ತಾನೇ ಕೊಂಡು, ಯೂಟ್ಯೂಬ್ ನೋಡಿ ಕಲಿತಳು. 2016ರಲ್ಲಿ 'ಅಮೆರಿಕಾಸ್ ಗಾಟ್ ಟ್ಯಾಲೆಂಟ್' ಅನ್ನೋ ಟಿವಿ ಪ್ರತಿಭಾ ಸ್ಪರ್ಧೆಯ ವೇದಿಕೆಗೆ ಹೋಗಿ, ನನ್ನ ಹೆಸರೇ ನನಗೆ ಗೊತ್ತಿಲ್ಲ ಅಂತ ಶುರುವಾಗುವ ಸ್ವಂತ ಹಾಡು ಹಾಡಿದಳು. ತೀರ್ಪುಗಾರ ಹೋವಿ ಮ್ಯಾಂಡೆಲ್ ಗೋಲ್ಡನ್ ಬಜರ್, ಅಂದರೆ ನೇರವಾಗಿ ಲೈವ್ ಸುತ್ತಿಗೆ ಕಳಿಸುವ ಗುಂಡಿ, ಒತ್ತಿಬಿಟ್ಟರು. ಮುಂದಿನ ಸುತ್ತುಗಳಲ್ಲೂ ತನ್ನವೇ ಹಾಡು, ಅದರಲ್ಲಿ ಒಂದು ಅಕ್ಕನ ಮೇಲೆ. ಸೆಪ್ಟೆಂಬರ್‌ನಲ್ಲಿ ಗೆದ್ದಳು. 10 ಲಕ್ಷ ಡಾಲರ್ ಬಹುಮಾನದ ಮಾತೇ ಎಲ್ಲ ಕಡೆ ಆಯಿತು, ನನಗೆ ಮಾತ್ರ ಆ ಅಕ್ಕನ ಹಾಡೇ ದೊಡ್ಡದು.

ನಮ್ಮಲ್ಲೂ ಒಳ್ಳೆ ವೇದಿಕೆಗಳು ಬಂದಿವೆ. 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳನ್ನು ತಿದ್ದುತ್ತಿದ್ದ ರೀತಿ ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಕಲಿತ ಹಾಡನ್ನು ಶುದ್ಧವಾಗಿ ಹಾಡೋದು ಸಣ್ಣ ವಿದ್ಯೆಯಲ್ಲ, ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ನಿಂತುಬಿಟ್ಟೆವಲ್ಲ! ಒಮ್ಮೆ ಒಂದು ಶಾಲೆಯ ಹಾಡಿನ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಏಳನೇ ಕ್ಲಾಸಿನ ಹುಡುಗಿ, ಮನೆಯಿಂದ ಮಾರಿದ ಎಮ್ಮೆಯ ಮೇಲೆ ತಾನೇ ಕಟ್ಟಿದ ಹಾಡು ಹಾಡಿದಳು. ಪಕ್ಕದಲ್ಲಿದ್ದವರು ಕೇಳಿದ್ದು ಒಂದೇ ಮಾತು: "ಯಾವ ಪಿಕ್ಚರ್‌ದಮ್ಮಾ?" ನಂದೇ ಸಾರ್ ಅಂದಳು. ನಿಯಮದಲ್ಲಿ ಇಲ್ಲ ಅಂತ ಅಂಕವನ್ನೇ ಕೊಡಲಿಲ್ಲ. ನಾನು ವಾದ ಮಾಡಿದೆ, ನಡೆಯಲಿಲ್ಲ. ಆ ಹುಡುಗಿ ಮತ್ತೆ ಹಾಡು ಕಟ್ಟಿದಳೋ ಇಲ್ಲವೋ ಅನ್ನೋ ಯೋಚನೆ ಇವತ್ತಿಗೂ ಬಿಟ್ಟಿಲ್ಲ.

ಇದು ನಡೆದದ್ದು ಪುರಂದರದಾಸರ, ಕನಕದಾಸರ ನಾಡಿನಲ್ಲಿ. ತಾವೇ ಕಟ್ಟಿ, ತಾವೇ ಹಾಡಿ, ಕೊನೆಗೆ ಅಂಕಿತ ಹಾಕಿದವರು ಅವರು. ಅಂಕಿತ ನೋಡಿದರೆ ಸಾಕು, ಹಾಡು ಯಾರದ್ದು ಅಂತ ಐನೂರು ವರ್ಷ ಆದಮೇಲೂ ತಿಳಿಯುತ್ತದೆ. ಈಗ ಎಫ್‌ಎಂ ಹಚ್ಚಿ ನೋಡಿ. ಹೀರೋ ಹೆಸರು ಹತ್ತು ಸಲ ಬರುತ್ತದೆ, ಹಾಡು ಬರೆದವರ ಹೆಸರು ಬರೋದೇ ಅಪರೂಪ. ಹೀಗಿದ್ದರೆ ಹಾಡು ಬರೆಯಬೇಕು ಅಂತ ಯಾವ ಮಗುವಿಗೆ ಅನ್ನಿಸುತ್ತದೆ ಹೇಳಿ?

ನಿಮ್ಮ ಮಗಳಿಗೆ ಅನ್ನಿಸಿದೆ. ಅದಕ್ಕೇ ನಿಮ್ಮ ಮೇಲೆ ಸ್ವಲ್ಪ ಸಿಟ್ಟು, ತಪ್ಪು ತಿಳಿಯಬೇಡಿ. ಟಿವಿ ಬೇಡ ಅಂದರೆ ಬೇಡ, ಬಿಡಿ. ಬೇರೆ ಹಾಡುಗಳನ್ನೂ ಕಲಿಯಲಿ. ಆದರೆ "ಆಮೇಲೆ" ಅನ್ನಬೇಡಿ. ಇವತ್ತು ಸಂಜೆ ಅಡುಗೆ ಮುಗಿದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು ಅವಳ ಹಾಡು ಕೇಳಿ, ಮಧ್ಯೆ ತಿದ್ದದೆ, ಪೂರ್ತಿ. ಅವಳು ಒಪ್ಪಿದರೆ ಒಂದು ಹಾಳೆಯಲ್ಲಿ ಬರೆಸಿ ನಮಗೆ ಕಳಿಸಿ. ಅವಳ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.

– ಸಂಪಾದಕ