ಐವತ್ತು ಸೆಂಟಿನ ಶಾಲೆಯಿಂದ ಶುರು ಮಾಡಿ

ನಮಸ್ಕಾರ.

ಡೇನಿಯಲ್ ಪೇನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಆದರೆ ದಯವಿಟ್ಟು ಕೈಬಿಡಬೇಡಿ. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಎಂಬ ಕಪ್ಪು ಕ್ರೈಸ್ತರ ಸಭೆಯ ಬೋಧಕರಾಗಿ, ಬಿಷಪ್ ಆಗಿ, ಅಮೆರಿಕದಲ್ಲಿ ಕಾಲೇಜೊಂದರ ಅಧ್ಯಕ್ಷರಾದ ಮೊದಲ ಕಪ್ಪು ಮನುಷ್ಯ ಅವರು. ಅವರ ಬದುಕು ಕನ್ನಡಕ್ಕೆ ಬರಲೇಬೇಕು.

"1811ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಜನಿಸಿದ ಈ ಮಹಾನ್ ಚೇತನ" ಎಂದು ಶುರು ಮಾಡಿದ್ದೀರಿ. ಮುಂದಿನ ಮೂರು ಪುಟವೂ ಸನ್ಮಾನಪತ್ರದ ಧಾಟಿಯಲ್ಲೇ ಇದೆ. ಛಲ, ತ್ಯಾಗ, ದೂರದೃಷ್ಟಿ ಎಂಬ ಮಾತುಗಳನ್ನು ಹೊಡೆದುಹಾಕಿ ಓದಿ ನೋಡಿ, ಪೇನ್ ಎಲ್ಲೂ ಸಿಗುವುದಿಲ್ಲ.

ಅವರು ಸಿಗುವುದು ಎರಡನೇ ಪುಟದ ಕೊನೆಯಲ್ಲಿ. 1829ರಲ್ಲಿ ಹದಿನೆಂಟರ ಹುಡುಗ ಶಾಲೆ ತೆರೆದಾಗ ಬಂದವರು ಮೂವರು ಮಕ್ಕಳು, ರಾತ್ರಿ ಪಾಠಕ್ಕೆ ಮೂವರು ದೊಡ್ಡವರು. ಆ ದೊಡ್ಡವರು ಗುಲಾಮರು. ಶುಲ್ಕ ತಲೆಗೆ ತಿಂಗಳಿಗೆ ಐವತ್ತು ಸೆಂಟ್, ಅಂದರೆ ಅರ್ಧ ಡಾಲರ್. ಹಗಲೆಲ್ಲ ಒಡೆಯನಿಗೆ ದುಡಿದವರು ದುಡ್ಡು ಕೊಟ್ಟು ಅಕ್ಷರಕ್ಕೆ ಬಂದಿದ್ದಾರೆ, ನೀವು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ! ಆ ಸಂಪಾದನೆ ಹೊಟ್ಟೆಗೆ ಸಾಲದೆ ಪೇನ್ ಒಬ್ಬ ಶ್ರೀಮಂತನ ಸೇವಕನಾಗಿ ವೆಸ್ಟ್ ಇಂಡೀಸಿಗೆ ಹೊರಟಿದ್ದರು. ಒಡೆಯನಿಗೂ ಗುಲಾಮನಿಗೂ ಇರುವ ವ್ಯತ್ಯಾಸ ತಿಳಿವಳಿಕೆಯೊಂದೇ ಎಂದು ಆ ಶ್ರೀಮಂತನೇ ಹೇಳಿದ. ಹಾಗಾದರೆ ಹೋಗುವುದಿಲ್ಲ ಎಂದು ಪೇನ್ ಶಾಲೆಯನ್ನೇ ಮತ್ತೆ ತೆರೆದರು. ಲೇಖನ ಇಲ್ಲಿಂದ ಶುರುವಾಗಲಿ. ಗುಲಾಮರಿಗೆ ಓದು ಕಲಿಸುವುದು ಅಪರಾಧವೆಂದು ಚಾರ್ಲ್ಸ್‌ಟನ್ ಇರುವ ದಕ್ಷಿಣ ಕೆರೊಲಿನಾ ರಾಜ್ಯ 1834ರಲ್ಲಿ ಮಾಡಿದ ಕಾನೂನಿಗೆ ಆಗ ತಾನಾಗಿ ತೂಕ ಬರುತ್ತದೆ. 1835ರಲ್ಲಿ ಶಾಲೆ ಮುಚ್ಚಿತು, ಅವರು ಊರು ಬಿಟ್ಟರು.

ಪದವಿ, ಸಮಿತಿ, ಸಮ್ಮೇಳನಗಳ ಪಟ್ಟಿಯನ್ನು ಪೂರ್ತಿ ತೆಗೆಯಿರಿ. 'ಅಧ್ಯಕ್ಷ' ಎಂದರೆ ನಮ್ಮ ಓದುಗರಿಗೆ ಆಡಳಿತ ಮಂಡಳಿಯ ಯಜಮಾನರು ನೆನಪಾಗುತ್ತಾರೆ. ಪೇನ್ ಮಾಡಿದ್ದೇನು ಎಂಬುದನ್ನು ಬರೆಯಿರಿ. ಓಹಾಯೋದ ವಿಲ್ಬರ್‌ಫೋರ್ಸ್ ಕಾಲೇಜಿನಲ್ಲಿ ಓದುತ್ತಿದ್ದವರಲ್ಲಿ ಎಷ್ಟೋ ಜನ ದಕ್ಷಿಣದ ಜಮೀನ್ದಾರರಿಗೆ ಗುಲಾಮ ತಾಯಂದಿರಲ್ಲಿ ಹುಟ್ಟಿದ ಮಕ್ಕಳು. ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಬಂತು, ಅಪ್ಪಂದಿರ ಹಣ ನಿಂತಿತು, ಕಾಲೇಜು ಮುಚ್ಚಿತು. 1863ರಲ್ಲಿ ಕೈಯಲ್ಲಿ ಕಾಸಿಲ್ಲದಿದ್ದರೂ 10,000 ಡಾಲರಿಗೆ ಅದನ್ನು ಕೊಳ್ಳುತ್ತೇನೆಂದು ಮಾತು ಕೊಟ್ಟವರು ಪೇನ್. ಎರಡು ವರ್ಷಕ್ಕೆ, 1865ರ ಏಪ್ರಿಲ್ 14ರಂದು, ಲಿಂಕನ್‌ಗೆ ಗುಂಡು ಬಿದ್ದ ದಿನವೇ, ಮುಖ್ಯ ಕಟ್ಟಡ ಸುಟ್ಟುಹೋಯಿತು. ಈ ಬೆಂಕಿಯನ್ನು ನೀವು 'ಹಲವು ಅಡೆತಡೆಗಳು' ಎಂದು ಕರೆದಿದ್ದೀರಿ. ಓದಿ ನನಗೆ ಸಂಕಟವಾಯಿತು.

ಮರುತಿಂಗಳು, ಮೇನಲ್ಲಿ, ಮೂವತ್ತು ವರ್ಷದ ಮೇಲೆ ಅವರು ಚಾರ್ಲ್ಸ್‌ಟನ್ನಿಗೆ ಮರಳಿದರು. ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಸೇರಿಸಿ. ಅವಸರವಿಲ್ಲ, ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.